ತಿಂದದ್ದೋ ಮುಟ್ಟಿದ್ದೋ: ದುರ್ಗದ ಸೀಮೆಯ ಚರ್ಮದ ಅಲರ್ಜಿ

ಮೈಮೇಲೆ ದದ್ದು ಎದ್ದು ನವೆ ಶುರುವಾಯಿತೆಂದರೆ ಚಿತ್ರದುರ್ಗದ ಕಡೆಯ ಮನೆಗಳಲ್ಲಿ ಮೊದಲು ಕೇಳುವುದು ‘ಏನು ತಿಂದಿದ್ದೆ?’ ಎಂದು. ಬದನೆಕಾಯಿ ನಂಜು, ಕಡಲೇಬೀಜ ಪಿತ್ತ, ಮೊಟ್ಟೆ ಉಷ್ಣ, ಒಣಮೀನಂತೂ ಬೇಡವೇ ಬೇಡ. ಒಂದೊಂದೇ ಪದಾರ್ಥ ತಟ್ಟೆಯಿಂದ ಜಾರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಊಟ ಅನ್ನ ತಿಳಿಸಾರಿಗೆ ಇಳಿದಿರುತ್ತದೆ, ಮೈ ಸೊರಗಿರುತ್ತದೆ, ನವೆ ಮಾತ್ರ ಹಾಗೇ ಇರುತ್ತದೆ.

ಊಟದಿಂದ ಅಲರ್ಜಿ ಆಗುವುದೇ ಇಲ್ಲವೆಂದಲ್ಲ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಜನ ಮಾಡುವ ಕೆಲಸವನ್ನೂ ಉಡುವ ತೊಡುವ ವಸ್ತುಗಳನ್ನೂ ಹೊಲದ ಬದುವಿನಲ್ಲಿ ಬೆಳೆದ ಕಳೆಯನ್ನೂ ನೋಡಿದರೆ, ದಿನಗಟ್ಟಲೆ ಬಿಡದ ನವೆಗೆ ಕೇಳಬೇಕಾದ ಪ್ರಶ್ನೆ ಬೇರೆ. ಮೈಗೆ ಏನು ತಾಗಿತು, ಎಲ್ಲಿ ತಾಗಿತು, ಯಾವಾಗ ತಾಗಿತು? ಈ ಮೂರಕ್ಕೆ ಉತ್ತರ ಹುಡುಕುತ್ತ ಹೋದರೆ ಕಾರಣ ಸಿಗುವುದು ಹೆಚ್ಚಾಗಿ ಅಡುಗೆಮನೆಯ ತಟ್ಟೆಯಲ್ಲಲ್ಲ, ಕೈಯ ಕೆಲಸದಲ್ಲಿ.

ಅಲರ್ಜಿ ಎಂಬ ಹೆಸರನ್ನು 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟರು. ಯಾರಿಗೂ ಕೇಡು ಮಾಡದ ವಸ್ತುವನ್ನು ಒಬ್ಬರ ದೇಹ ಹಗೆಯೆಂದು ಗುರುತಿಟ್ಟುಕೊಂಡು, ಅದು ಮತ್ತೆ ಎದುರಾದಾಗ ಮೇಲೆ ಬೀಳುತ್ತದೆ. ಚರ್ಮದಲ್ಲಿ ಇದು ಎರಡು ವೇಗಗಳಲ್ಲಿ ನಡೆಯುತ್ತದೆ. ಮೊದಲನೆಯದು ನಾವು ಪಿತ್ತದ ಗಂಧೆ ಎನ್ನುವುದು. ನಿಮಿಷಗಳಲ್ಲಿ ಕೆಂಪಗೆ ಉಬ್ಬುತ್ತದೆ, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತದೆ, ಒಂದೊಂದು ಗಂಧೆಯೂ ದಿನದೊಳಗೆ ಕಲೆಯಿಲ್ಲದೆ ಮಾಯವಾಗುತ್ತದೆ. ಎರಡನೆಯದು ಇಸುಬು, ಅಂದರೆ ತಾಗಿದ ಜಾಗದಲ್ಲೇ ಕೆಂಪೇರಿ, ಸಣ್ಣ ನೀರ್ಗುಳ್ಳೆ ಎದ್ದು, ರಸ ಸೋರಿ, ವಾರಗಟ್ಟಲೆ ಉಳಿದು, ಕೊನೆಗೆ ಚರ್ಮ ದಪ್ಪಗೆ ಕಪ್ಪಗೆ ಒರಟಾಗುವುದು. ಇದು ಕಾಣಿಸಿಕೊಳ್ಳಲು ಒಂದೆರಡು ದಿನ ಬೇಕು.

ಈ ತಡವೇ ಜನರನ್ನು ದಾರಿ ತಪ್ಪಿಸುತ್ತದೆ. ಭಾನುವಾರ ತಲೆಗೆ ಬಣ್ಣ ಹಚ್ಚಿದವರ ಕಣ್ಣುರೆಪ್ಪೆ ಊದುವುದು ಮಂಗಳವಾರ. ನಡುವೆ ಸೋಮವಾರ ಯಾರದೋ ಮನೆಯಲ್ಲಿ ಬಾಡೂಟ ಉಂಡಿದ್ದರೆ ತಪ್ಪೆಲ್ಲ ಬಾಡಿನ ಮೇಲೆ. ಇನ್ನೊಂದು ತೊಡಕೂ ಇದೆ. ‘ಇಪ್ಪತ್ತು ವರ್ಷದಿಂದ ಇದೇ ಹಚ್ತಿದೀನಿ, ಇವತ್ತು ಹೆಂಗೆ ಆಗಲ್ಲ ಅಂತದೆ?’ ಎಂದು ಎಷ್ಟೋ ಜನ ವಾದಿಸುತ್ತಾರೆ. ಈ ಬಗೆಯ ಅಲರ್ಜಿ ಹುಟ್ಟುವುದೇ ಮತ್ತೆಮತ್ತೆ ತಾಗುವುದರಿಂದ. ಹಳೆಯ ಬಳಕೆಯ ವಸ್ತುವನ್ನು ಅನುಮಾನದಿಂದ ಹೊರಗಿಡುವ ಹಾಗಿಲ್ಲ, ಅದನ್ನೇ ಮೊದಲು ಅನುಮಾನಿಸಬೇಕು.

ನಮ್ಮ ಸೀಮೆಯಲ್ಲಿ ಈ ಎರಡನೆಯ ಬಗೆಯ ಅಲರ್ಜಿಯ ದೊಡ್ಡ ಕಾರಣ ಒಂದು ಗಿಡ. ಪುಸ್ತಕದಲ್ಲಿ ಪಾರ್ಥೇನಿಯಂ, ಊರಲ್ಲಿ ಕಾಂಗ್ರೆಸ್ ಗಿಡ. ಮೆಕ್ಸಿಕೊ ಸುತ್ತಲಿನ ನೆಲದ ಈ ಕಳೆ 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಸಸ್ಯವಿಜ್ಞಾನಿಗಳ ಕಣ್ಣಿಗೆ ಬಿತ್ತು. ಹೊರದೇಶದ ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. ಎರಡೇ ದಶಕಗಳಲ್ಲಿ ಕರ್ನಾಟಕದ ಬಯಲನ್ನೆಲ್ಲ ಆವರಿಸಿತು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ದನ ಮೇಯುವುದಿಲ್ಲ, ಒಂದು ಹದ ಮಳೆ ಬಿದ್ದರೆ ನಾಲ್ಕು ವಾರದಲ್ಲಿ ಹೂ. ಹಿರಿಯೂರಿನಂಥ ಕಡಿಮೆ ಮಳೆಯ ತಾಲ್ಲೂಕಿನಲ್ಲೂ ಅದಕ್ಕೆ ಬರವಿಲ್ಲ. ಹೆದ್ದಾರಿ 48ರ ಅಂಚು, ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ಕಾಲುವೆ ಏರಿ, ಶಾಲೆಯ ಮೈದಾನ, ಬೀಳು ಬಿಟ್ಟ ಹೊಲ, ಮಾರಾಟವಾಗದ ಸೈಟು, ಎಲ್ಲ ಕಡೆ ಸೊಂಟದೆತ್ತರಕ್ಕೆ ಬೆಳೆದು ಬಿಳಿ ಹೂ ಕೆದರಿ ನಿಲ್ಲುತ್ತದೆ.

ಈ ಗಿಡದ ಎಲೆ, ಕಾಂಡ, ಹೂವಿನ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕ ಇದೆ. ಗಿಡ ಒಣಗಿ ಪುಡಿಯಾದಾಗ ರೋಮವೂ ಪರಾಗವೂ ಗಾಳಿಯಲ್ಲಿ ತೇಲುತ್ತವೆ. ಹಾಗಾಗಿ ಗಿಡವನ್ನು ಮುಟ್ಟದವರಿಗೂ ಬರುತ್ತದೆ. ಬರುವ ಜಾಗಗಳು ಮಾತ್ರ ಬಹುಪಾಲು ಒಂದೇ ಬಗೆ: ಕಣ್ಣುರೆಪ್ಪೆ, ಕತ್ತಿನ ಸುತ್ತ, ಅಂಗಿಯ ಗುಂಡಿ ಬಿಚ್ಚಿದ ಎದೆಯ ಭಾಗ, ಮೊಣಕೈ ಮಡಿಕೆ, ಮಂಡಿಯ ಹಿಂಭಾಗ. ಬಟ್ಟೆಯ ಮರೆಯ ಬೆನ್ನು ಹೊಟ್ಟೆ ಮೊದಮೊದಲು ಚೆನ್ನಾಗಿಯೇ ಇರುತ್ತವೆ. ಹೆಚ್ಚಾಗಿ ಹೊಲದಲ್ಲಿ ದುಡಿಯುವ ನಡುವಯಸ್ಸಿನ ಗಂಡಸರಲ್ಲಿ ಕಾಣುತ್ತದೆ. ಮಳೆಗಾಲದಲ್ಲಿ ಗಿಡ ಹೂವಿಗೆ ಬಂದಾಗ ಕೆರಳುತ್ತದೆ, ಚಳಿಗಾಲದಲ್ಲಿ ಒಂದಿಷ್ಟು ಇಳಿಯುತ್ತದೆ. ವರ್ಷಗಳು ಉರುಳಿದಂತೆ ಕೆಲವರಲ್ಲಿ ಆ ಇಳಿತವೂ ನಿಂತು, ಕೆರಳಲು ಬಿಸಿಲೇ ಸಾಕಾಗುತ್ತದೆ. ಹಣೆಯ ಚರ್ಮ ದಪ್ಪವಾಗಿ ಸುಕ್ಕು ಆಳವಾಗಿ ಮುಖದ ಚಹರೆಯೇ ಬದಲಾಗುತ್ತದೆ. ರಾತ್ರಿಯೆಲ್ಲ ಕೆರೆದು ಬೆಳಗ್ಗೆ ಹೊಲಕ್ಕೆ ಹೋಗುವ ರೈತನ ನಿದ್ದೆಗೇಡನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಟ್ಟಿಲ್ಲ. ಇದನ್ನು ಬರೀ ಕಜ್ಜಿ ಎಂದು ತಳ್ಳಿಹಾಕುವುದು ಅನ್ಯಾಯ. ತೀವ್ರವಾದವರಿಗೆ ಚರ್ಮವೈದ್ಯರು ಅಜಥಯೋಪ್ರಿನ್‌ನಂಥ ಗುಳಿಗೆ ಕೊಡುತ್ತಾರೆ. ರಕ್ತಪರೀಕ್ಷೆ ಮಾಡಿಸುತ್ತ ನುಂಗಬೇಕಾದ ಔಷಧ ಅದು, ಅಂಗಡಿಯಲ್ಲಿ ಕೇಳಿ ಪಡೆಯುವಂಥದ್ದಲ್ಲ.

ಪಾರ್ಥೇನಿಯಂ ಸೂರ್ಯಕಾಂತಿಯ, ಸೇವಂತಿಗೆಯ ಕುಲಕ್ಕೇ ಸೇರಿದ್ದು. ಪಾರ್ಥೇನಿನ್‌ಗೆ ಹತ್ತಿರದ ರಾಸಾಯನಿಕಗಳು ಆ ಕುಲದ ಹಲವು ಗಿಡಗಳಲ್ಲಿವೆ. ಒಂದಕ್ಕೆ ತಿರುಗಿಬಿದ್ದ ಚರ್ಮ ಇನ್ನೊಂದಕ್ಕೂ ತಿರುಗಿಬೀಳಬಹುದು. ಸೇವಂತಿಗೆ ಬೆಳೆದು ಬಿಡಿಸಿ ಮಾರುಕಟ್ಟೆಗೆ ಕಳಿಸುವ ನಮ್ಮ ರೈತರಿಗೆ, ಬೆಳಗಿನಿಂದ ಹೂ ಕಟ್ಟುವ ಹೆಂಗಸರಿಗೆ, ಸೂರ್ಯಕಾಂತಿಯ ತೆನೆ ಬಡಿಯುವವರಿಗೆ ಇದು ಬರೀ ತಿಳಿವಳಿಕೆಯ ಮಾತಲ್ಲ. ಬೆರಳ ತುದಿ ಒಡೆಯುವುದು, ಮುಂಗೈ ಉರಿಯುವುದು, ಹೂವಿನ ಹಂಗಾಮು ಮುಗಿದಾಗ ತಾನೇ ವಾಸಿಯಾಗುವುದು ಕಂಡರೆ ಹೂವನ್ನೂ ಅನುಮಾನಿಸಬೇಕು. ಬದುಗಳಲ್ಲಿ ಬೆಳೆಯುವ ಮರುಳುಮತ್ತಿಯೂ ಅದೇ ಬಳಗ.

ಎಲ್ಲ ತುರಿಕೆಯೂ ಅಲರ್ಜಿಯಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನಸುಗುನ್ನಿಯ ರೋಮ ಯಾರ ಮೈಮೇಲೆ ಬಿದ್ದರೂ ಕೆರೆತವೇ. ಶೇಂಗಾ ಹೊಲದ ಕೆಂಪು ಕಂಬಳಿಹುಳು ಸವರಿದರೆ ಯಾರ ಕೈಯೂ ಉರಿಯುತ್ತದೆ. ಮಳೆಗಾಲದ ಕೊನೆಗೆ ದೀಪದ ಬೆಳಕಿಗೆ ಬರುವ, ಕಪ್ಪು ಕೇಸರಿ ಪಟ್ಟೆಯ ಇರುವೆಯಂಥ ಒಂದು ಸಣ್ಣ ಹುಳುವನ್ನು ಕತ್ತಿನ ಮೇಲೆ ಉಜ್ಜಿಬಿಟ್ಟರೆ ಮರುದಿನ ಬಿಸಿ ಕಂಬಿ ಎಳೆದಂತೆ ಉದ್ದಕ್ಕೆ ಸುಟ್ಟ ಗೆರೆ ಮೂಡುತ್ತದೆ. ಸರ್ಪಸುತ್ತು ಎಂದು ಹೆದರಿ ಅದರ ಮೇಲೆ ಕೆಮ್ಮಣ್ಣು ಬಳಿಸಿಕೊಂಡು ಬರುವವರೂ ಇದ್ದಾರೆ. ಇವೆಲ್ಲ ವಿಷದ, ರಾಸಾಯನಿಕದ ನೇರ ಪೆಟ್ಟು. ಭೀಮಸಮುದ್ರದ ಕಡೆ, ಹೊಳಲ್ಕೆರೆಯ ತೋಟಗಳ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಹೆಂಗಸರ ಬೆರಳು ಚೊಗರು ಹತ್ತಿ ಕಪ್ಪಾಗಿ ಸೀಳುವುದೂ ಬಹಳ ಮಟ್ಟಿಗೆ ದಿನವಿಡೀ ತೇವದಲ್ಲಿ ನೆನೆದು ಒಣಗಿದ್ದರ ಫಲ. ಆದರೆ ಹಾಗೆ ಸೀಳಿದ ಚರ್ಮದೊಳಗೆ ಅಲರ್ಜಿಯ ವಸ್ತು ಸುಲಭವಾಗಿ ಇಳಿಯುತ್ತದೆ.

ಬೆಳ್ಳುಳ್ಳಿಯದು ಒಂದು ವಿಶೇಷ. ಬಲಗೈಯವರಾದರೆ ಇಸುಬು ಏಳುವುದು ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿಯಲ್ಲಿ. ಚಾಕು ಹಿಡಿಯುವುದು ಬಲಗೈ, ಎಸಳು ಹಿಡಿಯುವುದು ಎಡಗೈ. ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತವೊಂದು ಇದಕ್ಕೆ ಕಾರಣ. ಈರುಳ್ಳಿಯಿಂದಲೂ ಆಗುವುದುಂಟು. ಜಿಲ್ಲೆಯ ಈರುಳ್ಳಿ ಹಂಗಾಮಿನಲ್ಲಿ ಸಾಲುಗಟ್ಟಿ ಕೂತು ಗಡ್ಡೆ ಹೆಚ್ಚುವ ಕೂಲಿ ಹೆಂಗಸರ ಬೆರಳುಗಳನ್ನು ನೋಡುವವರು ಯಾವ ಕೈ, ಯಾವ ಬೆರಳು ಎಂದು ಕೇಳಬೇಕು.

ಹೊಸದುರ್ಗ, ಹಿರಿಯೂರು ಭಾಗದಲ್ಲಿ ದಾಳಿಂಬೆ ತೋಟಗಳು ಬಂದಮೇಲೆ ಸಿಂಪರಣೆ ಹೆಚ್ಚಿದೆ. ಶಿಲೀಂಧ್ರಕ್ಕೆ ಹೊಡೆಯುವ ಮ್ಯಾಂಕೋಜೆಬ್, ದುಂಡಾಣು ಅಂಗಮಾರಿಗೆ ಹೊಡೆಯುವ ಸ್ಟ್ರೆಪ್ಟೋಮೈಸಿನ್ ಬೆರೆತ ಪುಡಿ, ಎರಡೂ ಚರ್ಮಕ್ಕೆ ಅಲರ್ಜಿ ತರಬಲ್ಲವೆಂದು ಹೆಸರಾದವು. ಬರಿಗೈಯಲ್ಲಿ ಬಕೆಟ್ಟಿಗೆ ಕೈಹಾಕಿ ಕಲಸುವುದು, ಸೋರುವ ಪಂಪನ್ನು ಬೆನ್ನಿಗೆ ಹೊತ್ತು ಒದ್ದೆ ಅಂಗಿಯಲ್ಲೇ ಸಂಜೆವರೆಗೆ ಇರುವುದು ಎಲ್ಲ ಕಡೆ ಕಾಣುವ ದೃಶ್ಯ. ಬೆನ್ನಿನ ಮೇಲೆ ಪಂಪು ಕೂತ ಜಾಗದಷ್ಟೇ ಅಗಲಕ್ಕೆ ದದ್ದು ಎದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಗಾರೆ ಕೆಲಸದವರ ಕೈ ಇನ್ನೊಂದು ಕತೆ ಹೇಳುತ್ತದೆ. ಊರಲ್ಲಿ ಮನೆ ಕಟ್ಟುವವರು, ಭದ್ರಾ ಮೇಲ್ದಂಡೆ ಕಾಲುವೆಯ ಕಾಂಕ್ರೀಟಿಗೆ ಹೋದವರು, ದುಡಿಮೆಗೆಂದು ಬೆಂಗಳೂರು ಸೇರಿದವರು, ಎಲ್ಲರ ಮುಂಗೈಯಲ್ಲೂ ಸಿಮೆಂಟ್ ತನ್ನ ಗುರುತು ಬಿಡುತ್ತದೆ. ಒದ್ದೆ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ. ಅದರೊಳಗಿನ ಕ್ರೋಮಿಯಂ ಲವಣ ನಿಧಾನವಾಗಿ ಅಲರ್ಜಿ ಹುಟ್ಟಿಸುತ್ತದೆ. ಹುಟ್ಟಿದಮೇಲೆ ಅದು ಬಿಡುವುದು ಕಷ್ಟ, ಏಕೆಂದರೆ ಅದೇ ಕ್ರೋಮಿಯಂ ಹದಮಾಡಿದ ಚರ್ಮದ ಚಪ್ಪಲಿಯಲ್ಲೂ ಇದೆ. ಸಿಮೆಂಟಿಗೆ ತಯಾರಿಕೆಯಲ್ಲೇ ಫೆರಸ್ ಸಲ್ಫೇಟ್ ಬೆರೆಸಿದರೆ ಈ ತೊಂದರೆ ಬಹಳ ತಗ್ಗುತ್ತದೆ. ಡೆನ್ಮಾರ್ಕ್ 1983ರಷ್ಟು ಹಿಂದೆಯೇ ಸಿಮೆಂಟಿನ ಈ ಕ್ರೋಮಿಯಂ ಲವಣಕ್ಕೆ ಮಿತಿ ಹಾಕುವ ನಿಯಮ ಮಾಡಿತು, ಯುರೋಪಿನ ಒಕ್ಕೂಟ 2005ರಿಂದ ಅಂಥದೇ ಮಿತಿಯನ್ನು ಕಡ್ಡಾಯ ಮಾಡಿತು. ನಮ್ಮ ಗಾರೆಯವರ ಕೈಗೂ ಅಷ್ಟು ಬೆಲೆ ಇರಬೇಕು.

ಹೆಂಗಸರ ಮೈಮೇಲಿನ ಅಲರ್ಜಿಯನ್ನು ಓದುವುದು ಇನ್ನೂ ಸುಲಭ, ಏಕೆಂದರೆ ಒಡವೆ ಇಟ್ಟ ಜಾಗಕ್ಕೆ ಸರಿಯಾಗಿ ಅದು ಏಳುತ್ತದೆ. ಕಿವಿಯ ಹಾಲೆಯಲ್ಲಿ, ಕತ್ತಿನ ಸುತ್ತ, ಮಣಿಕಟ್ಟಿನಲ್ಲಿ ಬಂದರೆ ನಿಕ್ಕಲ್. ಗಿಲೀಟಿನ ಓಲೆಯಲ್ಲಿ, ಬೆಲ್ಟಿನ ಬಕಲ್ಲಿನಲ್ಲಿ, ಜೀನ್ಸಿನ ಗುಂಡಿಯಲ್ಲಿ ನಿಕ್ಕಲ್ ಇರುತ್ತದೆ. ತಾಳಿ ಸರಕ್ಕೋ ಬಳೆಗೋ ಸಿಕ್ಕಿಸಿಕೊಂಡ ಪಿನ್ನನ್ನು ಹೆಂಗಸರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿನ್ನದ ಸರದಿಂದ ಅಲರ್ಜಿ ಎಂದು ಹೇಳುವವರ ಸರದಲ್ಲಿ ಎರಡು ಪಿನ್ನು ತೂಗಾಡುತ್ತಿರುತ್ತವೆ. ಹಣೆಯ ನಡುವೆ ಗುಂಡಗೆ ಕೆರೆತವೆದ್ದು ಆಮೇಲೆ ಬೆಳ್ಳಗಾದರೆ ಅದು ಅಂಟಿಸುವ ಬಿಂದಿಯ ಗೋಂದಿನ ಕೆಲಸ. ಆ ಗೋಂದಿನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವೊಂದು ಅಲರ್ಜಿಯನ್ನೂ ತರುತ್ತದೆ, ಚರ್ಮದ ಬಣ್ಣದ ಕೋಶಗಳನ್ನೂ ಕೊಲ್ಲುತ್ತದೆ. ಅದನ್ನು ತೊನ್ನೆಂದು ಬಗೆದು ಮದುವೆಯ ಮಾತು ಮುರಿದುಕೊಳ್ಳುವ ಮೊದಲು ಬಿಂದಿ ಬಿಟ್ಟು ಚರ್ಮವೈದ್ಯರಿಗೆ ತೋರಿಸಲಿ. ಅರಿಸಿನಕ್ಕೆ ಸುಣ್ಣ ಹಾಕಿ ಮಾಡುತ್ತಿದ್ದ ಕುಂಕುಮದ ಜಾಗದಲ್ಲಿ ಕೃತಕ ಬಣ್ಣದ ಪುಡಿ ಬಂದಮೇಲೆ ಕುಂಕುಮದಿಂದ ಆಗುವ ಇಸುಬು ದಕ್ಷಿಣ ಭಾರತದ ಚರ್ಮವೈದ್ಯರಿಗೆ ಹಳೆಯ ಪರಿಚಯ. ಕಾಲಿನ ಮೇಲ್ಭಾಗದಲ್ಲಿ ಹವಾಯಿ ಚಪ್ಪಲಿಯ ಪಟ್ಟಿಯಂತೆಯೇ ಎರಡು ಕವಲಾಗಿ ಬಂದರೆ ರಬ್ಬರಿನ ರಾಸಾಯನಿಕ.

ತಲೆಗೂದಲ ಬಣ್ಣದ ವಿಷಯ ಇವೆಲ್ಲಕ್ಕಿಂತ ಗಂಭೀರ. ಕಪ್ಪು ಬಣ್ಣದ ಅಗ್ಗದ ಪೊಟ್ಟಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಹಚ್ಚಿದ ತಲೆಯನ್ನು ಬಿಟ್ಟು ಕಣ್ಣುರೆಪ್ಪೆ, ಕಿವಿ, ಹಣೆಯಂಚು, ಗಂಡಸರಲ್ಲಿ ಮೀಸೆಯ ಜಾಗವನ್ನು ಊದಿಸುತ್ತದೆ. ಜಾತ್ರೆಗಳಲ್ಲಿ ಮಕ್ಕಳ ಕೈಗೆ ಬಿಡಿಸುವ ಕಡುಕಪ್ಪು ಮೆಹಂದಿಯಲ್ಲೂ ಹಲವು ಸಲ ಇದೇ ಇರುತ್ತದೆ. ನಿಜವಾದ ಗೋರಂಟಿ ಕಪ್ಪಾಗುವುದಿಲ್ಲ, ಕೆಂಪಾಗುತ್ತದೆ. ಒಮ್ಮೆ ಊದಿದವರು ಕಂಪನಿ ಬದಲಿಸಿ ಮತ್ತೆ ಹಚ್ಚುವುದು ಅಪಾಯ.

ಇನ್ನು ಅಲರ್ಜಿಯ ವೇಷದಲ್ಲಿ ಬರುವ ಬೇರೆ ಕಾಯಿಲೆಗಳು. ರಾತ್ರಿ ಹೆಚ್ಚುವ ನವೆ, ಬೆರಳ ಸಂದು, ಹೊಕ್ಕುಳ ಸುತ್ತ ಗುಳ್ಳೆ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಬಂದಿದೆಯೆಂದರೆ ಅದು ಹುಳದ ಕಜ್ಜಿ, ಮನೆಮಂದಿಯೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು. ಬಿಳಿಚಿದ ಮಚ್ಚೆ, ಅಲ್ಲಿ ನವೆಯೂ ಇಲ್ಲ ಸ್ಪರ್ಶವೂ ಇಲ್ಲವಾದರೆ ತಡಮಾಡದೆ ಕುಷ್ಠದ ತಪಾಸಣೆ ಮಾಡಿಸಬೇಕು. ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ವಾಸಿಯಾಗುವ ಕಾಯಿಲೆ.

ತೊಡೆಸಂದಿ, ಸೊಂಟದಲ್ಲಿ ಉಂಗುರದಂತೆ ಅಂಚು ಕೆಂಪಾಗಿ ಹರಡುವ ಹುಳುಕಡ್ಡಿಯ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಇದು ಶಿಲೀಂಧ್ರದ ಸೋಂಕು. ಇದನ್ನು ಅಲರ್ಜಿ ಎಂದುಕೊಂಡು ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೇಳುತ್ತಾರೆ. ಕೈಗೆ ಸಿಗುವುದು ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಕಲಸಿದ ಮುಲಾಮು. ಎರಡು ದಿನದಲ್ಲಿ ನವೆ ಮಾಯ. ಬಿಟ್ಟ ವಾರದಲ್ಲಿ ಇಮ್ಮಡಿಯಾಗಿ ಮರಳುತ್ತದೆ, ಅಂಚಿನ ಉಂಗುರ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಚರ್ಮ ಕಾಗದದಷ್ಟು ತೆಳುವಾಗಿ ಬಿರುಕುಗೆರೆ ಬೀಳುತ್ತದೆ. ಅವು ಮತ್ತೆ ಕೂಡುವುದಿಲ್ಲ. ಮುಖ ಬೆಳ್ಳಗಾಗಲೆಂದು ಇದೇ ಮುಲಾಮು ಹಚ್ಚುವ ಹುಡುಗಿಯರ ಕೆನ್ನೆ ಬಿಸಿಲಿಗೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಅವು ಕೇಳಿದವರಿಗೆ ಸಿಗುತ್ತಲೇ ಇವೆ. ಮಾಮೂಲಿ ಗುಳಿಗೆಗೆ ಬಗ್ಗದ ಹುಳುಕಡ್ಡಿ ದೇಶದಲ್ಲೆಲ್ಲ ಹರಡಿದೆ. ಅದರ ಶಿಲೀಂಧ್ರಕ್ಕೆ 2020ರಲ್ಲಿ ಇಟ್ಟ ಹೊಸ ಹೆಸರಿನಲ್ಲೇ, ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬುದರಲ್ಲೇ, ಇಂಡಿಯಾ ಸೇರಿಕೊಂಡಿದೆ. ಈ ಹಾವಳಿಗೆ ಸ್ಟೀರಾಯ್ಡ್ ಮುಲಾಮಿನ ದುರ್ಬಳಕೆ ಮುಖ್ಯ ಕಾರಣವೆಂದು ಚರ್ಮವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ.

ಗಂಧೆಗೆ ಬರೋಣ. ಊಟವನ್ನು ಅನುಮಾನಿಸಬೇಕಾದ್ದು ಇಲ್ಲಿ, ಅದೂ ತಿಂದ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಎದ್ದರೆ, ಅದೇ ಪದಾರ್ಥಕ್ಕೆ ಪ್ರತಿಸಲವೂ ಎದ್ದರೆ. ನೋವಿನ ಗುಳಿಗೆ, ಪೆನ್ಸಿಲಿನ್, ಸಲ್ಫಾ ಔಷಧ, ಜೇನಿನ ಕಡಿತ, ಮಕ್ಕಳಲ್ಲಿ ನೆಗಡಿ ಜ್ವರವೂ ಕಾರಣವಾಗುತ್ತವೆ. ಆರು ವಾರ ದಾಟಿ ದಿನವೂ ಏಳುವ ಗಂಧೆಗೆ ಆಹಾರ ಕಾರಣವಾಗಿರುವುದು ಬಹಳ ಅಪರೂಪ. ಅವರಿಗೆ ಪಥ್ಯ ಹೇರುವುದು ಸುಮ್ಮನೆ ಹಿಂಸೆ. ಒಂದು ಗುಳಿಗೆ ನುಂಗಿದಾಗಲೆಲ್ಲ ತುಟಿಯ ಮೇಲೋ ಕೈಯ ಮೇಲೋ ಅದೇ ಜಾಗದಲ್ಲಿ ಕಪ್ಪು ಮಚ್ಚೆ ಮರಳಿದರೆ ಅದು ಆ ಔಷಧದ ಅಲರ್ಜಿ. ಗುಳಿಗೆಯ ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಔಷಧ ಶುರುಮಾಡಿದ ವಾರಗಳಲ್ಲಿ ಜ್ವರ ಬಂದು ಬಾಯಿ ಹುಣ್ಣಾಗಿ ಚರ್ಮ ಸುಲಿದರೆ ಆ ದಿನವೇ ಆಸ್ಪತ್ರೆ ಸೇರಬೇಕು.

ಗಂಧೆಯ ಜೊತೆ ತುಟಿ ನಾಲಿಗೆ ಊದಿ, ಧ್ವನಿ ಕಟ್ಟಿ, ಉಸಿರು ಎಳೆದು, ತಲೆ ತಿರುಗಿದರೆ ಪ್ರಾಣಾಪಾಯ. ದುರ್ಗದ ಕೋಟೆಯ ಬಂಡೆಯಲ್ಲೋ ಹೊಲದ ಮರದಲ್ಲೋ ಹೆಜ್ಜೇನು ಎದ್ದು ಕಡಿದಾಗ ಹೀಗಾಗುವುದುಂಟು. ಆಗ ಬೇಕಾದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಸೂಜಿ. ಅಲರ್ಜಿ ಗುಳಿಗೆ ಕೊಟ್ಟು ಕಾಯುತ್ತ ಕೂರಬಾರದು, 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ದಾರಿಯಲ್ಲಿ ಕಾಲು ಎತ್ತರಿಸಿ ಮಲಗಿಸಿಯೇ ಕರೆದೊಯ್ಯಬೇಕು.

ಕಾರಣ ಖಚಿತಪಡಿಸಿಕೊಳ್ಳಲು ಪ್ಯಾಚ್ ಟೆಸ್ಟ್ ಇದೆ. ಜರ್ಮನ್ ಚರ್ಮವೈದ್ಯ ಯೋಸೆಫ್ ಯಾಡಾಸ್ಸೋನ್ 1895ರಲ್ಲಿ ಲೋಕದ ಮುಂದಿಟ್ಟ ಕ್ರಮ. ಅನುಮಾನದ ವಸ್ತುಗಳನ್ನು ಸಣ್ಣ ಬಿಲ್ಲೆಗಳಲ್ಲಿ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಆಮೇಲೂ ಒಂದೆರಡು ದಿನ ಕಾದು ಓದುತ್ತಾರೆ. ನಮ್ಮ ದೇಶಕ್ಕೆ ಹೊಂದುವ ಸರಣಿಯಲ್ಲಿ ಪಾರ್ಥೇನಿಯಂ ಕೂಡ ಇದೆ. ವೈದ್ಯಕೀಯ ಕಾಲೇಜಿನ ಚರ್ಮ ವಿಭಾಗದಲ್ಲಿ ವಿಚಾರಿಸಬಹುದು. ನೂರಾರು ಪದಾರ್ಥಗಳ ಪಟ್ಟಿ ಕೊಡುವ ದುಬಾರಿ ರಕ್ತಪರೀಕ್ಷೆ ಇಸುಬಿನ ಕಾರಣ ಹೇಳುವುದಿಲ್ಲ. ಅದು ಬೇರೊಂದು ಬಗೆಯ ಅಲರ್ಜಿಯನ್ನು ಅಳೆಯುವಂಥದ್ದು. ಆ ಪಟ್ಟಿ ಹಿಡಿದು ಮಕ್ಕಳ ಹಾಲು ಮೊಟ್ಟೆ ಬಿಡಿಸುವವರನ್ನು ಕಂಡರೆ ಸಂಕಟವಾಗುತ್ತದೆ. ಚರ್ಮವೈದ್ಯರ ಬಳಿ ಹೋಗುವಾಗ ಹಚ್ಚಿದ ಟ್ಯೂಬು, ಕುಂಕುಮದ ಪೊಟ್ಟಣ, ಸಿಂಪರಣೆಯ ಡಬ್ಬದ ಲೇಬಲ್ ತೆಗೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಓಲೆ ಬಿಚ್ಚಿಡಬಹುದು, ಬಣ್ಣ ನಿಲ್ಲಿಸಬಹುದು. ಹೊಲವನ್ನು ಬಿಡುವುದು ಹೇಗೆ? ಪಾರ್ಥೇನಿಯಂ ಅಲರ್ಜಿಯ ರೈತನಿಗೆ ತುಂಬುತೋಳಿನ ಅಂಗಿ, ಕತ್ತಿಗೆ ಟವೆಲು, ಮನೆಗೆ ಬಂದೊಡನೆ ಸ್ನಾನ, ಹೊಲದ ಬಟ್ಟೆ ಹೊರಗೇ ಒಗೆಯುವುದು, ಸ್ನಾನದ ನಂತರ ಕೊಬ್ಬರಿ ಎಣ್ಣೆ, ಇಷ್ಟನ್ನು ಹೇಳಬಹುದು. ಅವನೇ ಕಳೆ ಕೀಳಬಾರದು, ಕಿತ್ತ ಒಣಗಿಡಕ್ಕೆ ಬೆಂಕಿ ಹಾಕುವಾಗ ಹತ್ತಿರ ಇರಬಾರದು. ಆದರೆ ಪಕ್ಕದ ಬೀಳಿನ ಗಿಡ, ರಸ್ತೆ ಬದಿಯ ಗಿಡ ಅವನ ಕೈಯಲ್ಲಿಲ್ಲ. ಕರ್ನಾಟಕ 1975ರಲ್ಲೇ ಇದನ್ನು ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಹಾನಿಕರ ಕಳೆ ಎಂದು ಘೋಷಿಸಿತು. 1980ರ ದಶಕದಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತಂದು ಬಿಟ್ಟ ಜೈಗೋಗ್ರಾಮಾ ದುಂಬಿ ಮಳೆಗಾಲದಲ್ಲಿ ಗಿಡದ ಎಲೆ ಬೋಳಿಸುತ್ತದೆ. ಅದು ಸೂರ್ಯಕಾಂತಿಯನ್ನೂ ಮೇಯುತ್ತದೆಂದು 1990ರ ಆಸುಪಾಸಿನಲ್ಲಿ ವಿವಾದ ಎದ್ದಿತ್ತು. ದುಂಬಿ ಇಂದಿಗೂ ಇದೆ, ಆದರೆ ಒಣಗಾಲದಲ್ಲಿ ಮಣ್ಣು ಸೇರಿ ಮಲಗುತ್ತದೆ, ಬಯಲುಸೀಮೆಯಲ್ಲಿ ಅದೊಂದನ್ನೇ ನೆಚ್ಚುವಂತಿಲ್ಲ. ಉಳಿದದ್ದು ಪಂಚಾಯಿತಿಯವರು, ಹೆದ್ದಾರಿಯವರು, ಕಾಲುವೆಯವರು ಮಾಡಬೇಕಾದ ಕೆಲಸ. ಮುಂಗಾರಿನ ಮಳೆಗೆ ನೆಲ ಮೆತ್ತಗಾದಾಗ, ಗಿಡ ಹೂವಿಗೆ ಬರುವ ಮೊದಲೇ, ಕೂಲಿಯವರಿಗೆ ಕೈಗವಸು ಕೊಟ್ಟು ಬೇರುಸಹಿತ ಕೀಳಿಸಬೇಕು. ಬಿಳಿ ಹೂ ಕಂಡಮೇಲೆ ಜೆಸಿಬಿ ತಂದು ಸವರಿದರೆ ಮುಂದಿನ ಮಳೆಯ ಬಿತ್ತನೆ ಅವರೇ ಮಾಡಿದ ಹಾಗೆ.